ಮನೆ ಹಿಂದೆ ನಾಗಲಿಂಗ ಹಾಕಬಹುದಾ? ಬೆಳೆಸಿದವರು ದಯವಿಟ್ಟು ಹೇಳಿ

ಹಿತ್ತಲಗಿಡ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮದು 60–90ರ ಹಳೇ ಸೈಟು. ನಮ್ಮ ಮಾವ ಮನೆಯನ್ನ ಮುಂದಕ್ಕೆ ಕಟ್ಟಿಸಿ ಹಿಂದೆ ಸುಮಾರು 40 ಅಡಿ ಖಾಲಿ ಬಿಟ್ಟಿದ್ದಾರೆ. ಸದ್ಯಕ್ಕೆ ಅಲ್ಲಿರೋದು ಮೂಲೇಲಿ ಒಂದು ಸೀಬೆ, ಒಂದು ನುಗ್ಗೆ, ಮಧ್ಯದಲ್ಲಿ ಬಟ್ಟೆ ಒಣಗಿಸೋ ತಂತಿ, ಅಷ್ಟೇ. ಹೋದ ವಾರ ನರ್ಸರಿಗೆ ಕರಿಬೇವಿನ ಗಿಡ ತರೋಕೆ ಹೋದವಳು ನಾಗಲಿಂಗದ ಸಸಿ ತಂದುಬಿಟ್ಟೆ. ಎರಡಡಿ ಎತ್ತರ ಇದೆ, ಕವರಿನಲ್ಲೇ ಇದೆ, ಇನ್ನೂ ನೆಟ್ಟಿಲ್ಲ.

ಲಾಲ್‌ಬಾಗಿನಲ್ಲಿ ಆ ಹೂ ನೋಡಿದಾಗಿಂದ ಆಸೆ. ಆದ್ರೆ ಮನೇಲಿ ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆ "ಅದು ದೇವಸ್ಥಾನದ ಮರ, ಮನೇಲಿ ಹಾಕಬಾರದು, ಹಾವು ಬರುತ್ತೆ" ಅಂತಾರೆ. ಪಕ್ಕದ ಮನೆಯವರು ಕಾಯಿ ನಾರುತ್ತೆ ಅಂತ ಈಗ್ಲೇ ಹೆದರಿಸ್ತಿದ್ದಾರೆ. ಯಜಮಾನ್ರಿಗೆ ಗೋಡೆ ಬಿರುಕು ಬಿಟ್ರೆ ಅನ್ನೋ ಚಿಂತೆ. ಕಾಂಪೌಂಡಿನಿಂದ ಎಷ್ಟು ದೂರ ಇರಬೇಕು, ಹೂ ಬಿಡೋಕೆ ಎಷ್ಟು ವರ್ಷ, ಮೈಸೂರಿನ ಹವಾಕ್ಕೆ ಒಗ್ಗುತ್ತಾ? ನೆಟ್ಟು ಬೆಳೆಸಿದವರ ಅನುಭವ ಬೇಕು.

ಮುರಕಲ್ಲು (ಪುತ್ತೂರು)

ಧಾರಾಳ ಹಾಕಿ. ನಮ್ಮ ತೋಟದ ಅಂಚಿನಲ್ಲಿ ಒಂದು ಉಂಟು, ಅಪ್ಪ ನೆಟ್ಟದ್ದು. ಹೂ ಬೆಳಗಾಗುವ ಮೊದಲೇ ಅರಳ್ತದೆ. ಬೆಳಿಗ್ಗೆ ಅಂಗಳಕ್ಕೆ ಇಳಿದರೆ ಸಾಕು, ಪರಿಮಳ ಅಷ್ಟು ದೂರಕ್ಕೇ ಬರ್ತದೆ. ಸಂಜೆಗೆ ದಳ ಉದುರಿ ಬುಡ ಪೂರ್ತಿ ಗುಲಾಬಿ ಬಣ್ಣ.

ಆದರೆ ನಮ್ಮದು ತೋಟ, ನಿಮ್ಮದು ಸೈಟು. ಕಾಯಿ ಅಂದರೆ ಸಣ್ಣದಲ್ಲ ಮಾರಾಯ್ರೆ, ಅಡ್ಡಳತೆ 20 ಸೆಂ.ಮೀ. ಮುಟ್ಟುತ್ತದೆ. ಎರಡು ಮೂರು ಕೆ.ಜಿ. ತೂಗುವುದು ವಿಶೇಷ ಅಲ್ಲ. ಬಿದ್ದರೆ ಮನೆಯೊಳಗೆ ಕೂತವರಿಗೆ ಕೇಳ್ತದೆ. ನಮ್ಮ ನಾಯಿ ಆ ಕಡೆ ಮಲಗುವುದೇ ಇಲ್ಲ. ವಾಸನೆ ಬಗ್ಗೆ ನಿಮ್ಮ ನೆರೆಯವರು ಹೇಳಿದ್ದು ಸುಳ್ಳಲ್ಲ. ಒಡೆದ ಕಾಯಿಯನ್ನು ಎರಡು ದಿನ ಹಾಗೇ ಬಿಟ್ಟರೆ ಹತ್ತಿರ ಹೋಗಲಿಕ್ಕೆ ಆಗುವುದಿಲ್ಲ.

ಬಾಲ್ಕನಿಕೃಷಿ (ಬೆಂಗಳೂರು)

ಮಧ್ಯ ಬಾಯಿ ಹಾಕ್ತಿರೋದಕ್ಕೆ ಕ್ಷಮಿಸಿ. ಇದನ್ನ ದೊಡ್ಡ ಡ್ರಮ್ಮಲ್ಲಿ ಬೆಳೆಸಬಹುದಾ? ಆನ್‌ಲೈನಲ್ಲಿ "ಕುಂಡದಲ್ಲೇ ಹೂ ಬಿಡುವ ಕಸಿ ನಾಗಲಿಂಗ" ಅಂತ ಮಾರ್ತಿದ್ದಾರೆ, ಮಾಮೂಲಿ ಸಸಿಗಿಂತ ಹತ್ತು ಪಟ್ಟು ರೇಟು.

ಹಳೇಮಾಲಿ (ಬೆಂಗಳೂರು)

ಬಾಲ್ಕನಿಯವರಿಗೆ ಮೊದಲು ಹೇಳಿಬಿಡುತ್ತೇನೆ: ಬೇಡ. ಇದು ರೆಂಬೆ ತುದಿಯಲ್ಲಿ ಹೂ ಬಿಡುವ ಗಿಡವಲ್ಲ, ಕಾಂಡದಿಂದಲೇ ಹೂಗೊಂಚಲು ಹೊರಡುವ ಮರ. ಕಾಂಡ ಬಲಿಯದೆ ಹೂವಿಲ್ಲ. ಡ್ರಮ್ಮಿನಲ್ಲಿ ಬದುಕಿರುತ್ತದೆ, ಎಲೆ ಬಿಡುತ್ತದೆ, ನಿಮ್ಮ ತಾಳ್ಮೆ ಪರೀಕ್ಷೆ ಮಾಡುತ್ತದೆ. ಕಸಿ ಅನ್ನುವವರಿಗೆ ಕಸಿ ಕಟ್ಟಿದ ಗಂಟು ಎಲ್ಲಿದೆ, ಫೋಟೊ ಕಳಿಸಿ ಅನ್ನಿ. ಮುಂದಿನ ಉತ್ತರ ಬರುವುದಿಲ್ಲ.

ಈಗ ಮೈಸೂರಿನವರಿಗೆ. ನಾನು ಉದ್ಯಾನಗಳಲ್ಲೇ ಕೆಲಸ ಮಾಡಿ ನಿವೃತ್ತನಾದವನು, ಈ ಮರದ ಕೆಳಗೆ ಸಾಕಷ್ಟು ಗುಡಿಸಿದ್ದೇನೆ.

ನೆಡುವ ಮೊದಲು ನೀವು ತಂದಿರುವುದು ನಾಗಲಿಂಗವೇ ಅಂತ ಖಾತ್ರಿ ಮಾಡಿಕೊಳ್ಳಿ. ನಾಗಲಿಂಗ ಕೇಳಿದವರಿಗೆ ನಾಗಸಂಪಿಗೆ ಕೊಟ್ಟು ಕಳಿಸುವ ನರ್ಸರಿಗಳಿವೆ. ನಾಗಸಂಪಿಗೆಯ ಎಲೆ ಕಿರಿದು, ಚೂಪು, ಹಿಂಬದಿ ಬೂದು ಬಿಳುಪು, ಚಿಗುರು ತಾಮ್ರಗೆಂಪು. ಅದು ಕೂಡ ಅಪರೂಪದ ಚೆಂದದ ಮರ, ಆದರೆ ಬೇರೆಯದೇ ಮರ. ನಾಗಲಿಂಗದ ಎಲೆ ಅಗಲ, ಉದ್ದ, ರೆಂಬೆಯ ತುದಿಯಲ್ಲಿ ಗುಂಪಾಗಿರುತ್ತದೆ. ಗಿಡದ ಫೋಟೊ ಹಾಕಿ.

ಇನ್ನು ಜಾಗ. ತೆಂಗಿನಕಾಯಿ ಮರದ ತುದಿಯಿಂದ ಬೀಳುತ್ತದೆ, ಗಾಳಿ ಇದ್ದರೆ ಎತ್ತಲೋ ಹೋಗುತ್ತದೆ. ನಾಗಲಿಂಗದ ಕಾಯಿ ಕಾಂಡಕ್ಕೆ ಅಂಟಿದ ಗೊಂಚಲಿನಲ್ಲಿ ಇರುವುದರಿಂದ ನೇರ ಬುಡಕ್ಕೆ ಬೀಳುತ್ತದೆ. ಹಾಗಾಗಿ ಅಪಾಯದ ಜಾಗ ಇಡೀ ಮರದ ನೆರಳಿನಷ್ಟು ದೊಡ್ಡದಲ್ಲ. ಕಾಂಡದ ಸುತ್ತ ಹತ್ತು ಅಡಿ ಒಳಗೆ ಏನೂ ಇರಕೂಡದು. ಕಲ್ಲುಬೆಂಚು, ಕಾರು, ತುಳಸಿಕಟ್ಟೆ, ಮಕ್ಕಳ ಉಯ್ಯಾಲೆ, ನಿಮ್ಮ ಬಟ್ಟೆ ತಂತಿ, ಯಾವುದೂ. ಆಗ ಮುಕ್ಕಾಲು ಗೋಳು ಮುಗಿಯಿತು. ನಿಮ್ಮ 60ಕ್ಕೆ 40ರ ಜಾಗದಲ್ಲಿ ನಟ್ಟನಡುವೆ ನೆಟ್ಟರೆ ಎಲ್ಲ ಗೋಡೆಗಳಿಗೂ ಕಡಿಮೆಯೆಂದರೆ 20 ಅಡಿ ಸಿಗುತ್ತದೆ. ಅದಕ್ಕಿಂತ ಹತ್ತಿರ ಬೇಡ. ಕಾಂಪೌಂಡ್ ಪಕ್ಕ ಅಚ್ಚುಕಟ್ಟಾಗಿ ಕಾಣುತ್ತದೆ ಅಂತ ನೆಡುವವರೇ ಹೆಚ್ಚು, ಹತ್ತು ಹದಿನೈದು ವರ್ಷದ ಮೇಲೆ ಜಗಳವಾಡುವವರೂ ಅವರೇ. ತವರಿನ ಕಾಡಿನಲ್ಲಿ ಇದು 30 ಮೀಟರ್ ದಾಟುವ ಮರ. ನಮ್ಮಲ್ಲಿ ಅಷ್ಟು ಹೋಗುವುದಿಲ್ಲ, ಆದರೂ ಎರಡಂತಸ್ತಿನ ಮನೆಯನ್ನು ಮೀರಿಸುತ್ತದೆ.

ಹೂವಿಗೆ ಬೀಜದ ಸಸಿಯಿಂದ ಏಳರಿಂದ ಹತ್ತು ವರ್ಷ ಅಂತ ಇಟ್ಟುಕೊಳ್ಳಿ. ಆರೈಕೆ ಇಲ್ಲದಿದ್ದರೆ ಇನ್ನೂ ಹೆಚ್ಚು.

ಹಿತ್ತಲಗಿಡ

ತುಂಬಾ ಥ್ಯಾಂಕ್ಸ್ ಸರ್. ಫೋಟೊ ಹಾಕಿದ್ದೀನಿ. ನಟ್ಟನಡುವೆ ಅಂದ್ರೆ ಬಟ್ಟೆ ತಂತಿ ಎತ್ತಬೇಕು. ಅದಕ್ಕೆ ಅತ್ತೆ ಒಪ್ಪೋದು ಹಾವಿಗಿಂತ ಕಷ್ಟ.

ಹಳೇಮಾಲಿ

ನಾಗಲಿಂಗವೇ. ಸಂಶಯವಿಲ್ಲ. ಕವರಿನ ತಳದಲ್ಲಿ ಬೇರು ಸುತ್ತಿಕೊಂಡಿದೆಯೋ ನೋಡಿ, ನೆಡುವಾಗ ಆ ಸುತ್ತು ಬಿಡಿಸಬೇಕು.

ಪೂಜಾಪುಷ್ಪ (ತುಮಕೂರು)

ನಿಮ್ಮ ಅತ್ತೆಯವರು ಹೇಳೋದರಲ್ಲಿ ಅರ್ಥ ಇದೆ. ನಾಗಲಿಂಗ ಪುಷ್ಪ ಸಾಕ್ಷಾತ್ ಶಿವನದು. ಮಧ್ಯೆ ಲಿಂಗ, ಮೇಲೆ ಆದಿಶೇಷನ ಹೆಡೆ, ಸುತ್ತ ಋಷಿಮುನಿಗಳು. ಪುರಾಣ ಕಾಲದಿಂದ ಶಿವಾಲಯಗಳಲ್ಲಿರೋ ಮರ. ಬಿದ್ದ ಹೂ ತುಳಿಯಬಾರದು, ಮೈಲಿಗೆಯಲ್ಲಿ ಹತ್ತಿರ ಹೋಗಬಾರದು. ಸಂಸಾರಸ್ಥರ ಮನೇಲಿ ಇಷ್ಟೆಲ್ಲಾ ನಿಭಾಯಿಸೋಕೆ ಆಗುತ್ತಾ? ಯೋಚಿಸಿ.

ಕಾನುಮನೆ (ಸಾಗರ)

ಪೂಜಾಪುಷ್ಪ ಅವರೆ, ಪೂಜೆ ಮಾಡೋದಕ್ಕೆ ನನ್ನ ತಕರಾರಿಲ್ಲ. ಪುರಾಣ ಕಾಲದ ಮರ ಅನ್ನೋದಕ್ಕೆ ಇದೆ. ಇದರ ತವರು ದಕ್ಷಿಣ ಅಮೆರಿಕದ ಉತ್ತರ ಭಾಗ, ಗಯಾನಾ ಮತ್ತು ಅಮೆಜಾನ್ ಕಾಡುಗಳು. ಫ್ರೆಂಚ್ ಗಯಾನಾದಲ್ಲಿ ಗಿಡ ಹುಡುಕಿಕೊಂಡು ಓಡಾಡಿದ ಓಬ್ಲೆ ಅನ್ನೋ ಸಸ್ಯಶಾಸ್ತ್ರಜ್ಞ 1775ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ಕೌರೌಪಿಟ ಗಯಾನೆನ್ಸಿಸ್ ಅಂತ. ಹೆಸರಲ್ಲೇ ಗಯಾನಾ ಇದೆ. ಹಡಗುಗಳು ಆ ಖಂಡಕ್ಕೂ ಈ ಖಂಡಕ್ಕೂ ಓಡಾಡೋಕೆ ಶುರುವಾದ ಮೇಲೆ ನಮ್ಮಲ್ಲಿಗೆ ಬಂದಿದ್ದು. ಅದಕ್ಕಿಂತ ಮೊದಲು ನಮ್ಮ ಯಾವ ಶಿವಾಲಯದ ಮುಂದೆಯೂ ಇರೋಕೆ ಸಾಧ್ಯ ಇಲ್ಲ.

ಪೂಜಾಪುಷ್ಪ

ಹಾಗಾದ್ರೆ ನಾವು ಪೂಜೆ ಮಾಡ್ತಿರೋದು ತಪ್ಪಾ?

ಕಾನುಮನೆ

ಹಾಗೆಲ್ಲಿ ಹೇಳಿದೆ ಮಾರಾಯ್ರೆ. ಆಯುಧಪೂಜೆಗೆ ಚೆಂಡುಹೂವಿನ ರಾಶಿ ಸುರೀತೀವಲ್ಲ, ಅದು ಮೆಕ್ಸಿಕೋ ಕಡೆಯದು. ದೇವಸ್ಥಾನದ ಅಂಗಳದಲ್ಲಿರೋ ದೇವಕಣಗಿಲೆ ಕೂಡ ಅಮೆರಿಕ ಖಂಡದ್ದೇ. ನೈವೇದ್ಯಕ್ಕಿಡೋ ಸೀಬೆಹಣ್ಣು, ಪಾಯಸಕ್ಕೆ ಹಾಕೋ ಗೋಡಂಬಿ ಎಲ್ಲ ಆ ಕಡೆಯಿಂದ ಬಂದವು. ದೇವರು ಯಾವುದಕ್ಕೂ ಪಾಸ್‌ಪೋರ್ಟ್ ಕೇಳಿಲ್ಲ. ನನ್ನ ಮಾತು ಇಷ್ಟೇ: ಮನೇಲಿ ಹಾಕಬಾರದು ಅಂತ ಹಳೇ ಶಾಸ್ತ್ರ ಇರೋಕೆ, ಆ ಶಾಸ್ತ್ರ ಬರೆದ ಕಾಲಕ್ಕೆ ಮರವೇ ಇಲ್ಲಿ ಇರಲಿಲ್ಲ.

ಹಾವಿನ ವಿಷಯ. ಹಾವು ಹೂವಿನ ಆಕಾರ ನೋಡಿ ಬರಲ್ಲ. ಇಲಿ, ಕಪ್ಪೆ, ಕಲ್ಲುರಾಶಿ ಇದ್ದಲ್ಲಿ ಬರುತ್ತೆ. ಬುಡ ಗುಡಿಸಿ ಚೊಕ್ಕಟ ಇಟ್ಟರೆ ಸಾಕು.

ಹೆಡೆ ಅಂದ್ರಲ್ಲ, ಅದರ ಕೆಲಸ ಕೇಳಿದ್ರೆ ಇನ್ನೂ ಖುಷಿಯಾಗುತ್ತೆ. ಈ ಹೂವಲ್ಲಿ ಮಕರಂದ ಇಲ್ಲ. ದುಂಬಿಗೆ ಕೊಡೋದು ಬರೀ ಪರಾಗ. ಆದ್ರೆ ಪರಾಗ ಪೂರ್ತಿ ದುಂಬಿ ತಿಂದುಬಿಟ್ರೆ ಬೀಜ ಆಗೋದು ಹೆಂಗೆ? ಅದಕ್ಕೆ ಎರಡು ಥರ ಪರಾಗ ಇಟ್ಟಿದೆ. ಹೆಡೆ ಒಳಗಿನ ಕೇಸರಗಳಲ್ಲಿ ತಿನ್ನೋ ಪರಾಗ, ಅದು ಮೊಳೆಯೋದಿಲ್ಲ. ಲಿಂಗ ಅಂತೀವಲ್ಲ ಅದರ ಸುತ್ತ ಉಂಗುರದ ಹಾಗಿರೋ ಪುಟ್ಟ ಕೇಸರಗಳಲ್ಲಿ ಅಸಲಿ ಪರಾಗ. ದುಂಬಿ ಹೆಡೆಯೊಳಗೆ ತಲೆ ಹಾಕಿ ಮೇಯ್ತಿರುವಾಗ ಅಸಲಿ ಪರಾಗ ಅದರ ಮೈಗೆ ಮೆತ್ತಿಕೊಂಡು ಮುಂದಿನ ಹೂವಿಗೆ ಹೋಗುತ್ತೆ. ನಮ್ಮಲ್ಲಿ ಈ ಕೆಲಸಕ್ಕೆ ಬರೋದು ಬಿದಿರು, ಮನೆ ತೊಲೆ ಕೊರೆಯೋ ಆ ದೊಡ್ಡ ಕಪ್ಪು ದುಂಬಿ. ಬೆಳಗಿನ ಜಾವ ಮರದ ಹತ್ತಿರ ನಿಂತ್ರೆ ಗುಂಯ್ ಅನ್ನೋದು ಕೇಳುತ್ತೆ.

ಹಿತ್ತಲಗಿಡ

ಅತ್ತೆಗೆ ಚೆಂಡುಹೂವಿನ ಕಥೆ ಹೇಳಿದೆ. "ಚೆಂಡುಹೂ ತಲೆ ಮೇಲೆ ಬಿದ್ರೆ ಯಾರೂ ಸಾಯಲ್ಲ" ಅಂದ್ರು. ಹಾವು ಬಿಟ್ಟು ಈಗ ಕಾಯಿ ಹಿಡ್ಕೊಂಡಿದ್ದಾರೆ. ಪ್ರಗತಿ ಅಂದುಕೊಳ್ತೀನಿ.

ಹಳೇಮಾಲಿ

ಕಾಯಿಗೆ ಉಪಾಯವಿದೆ. ನೂರಾರು ಹೂ ಬಿಟ್ಟರೂ ಕಾಯಿ ಕಚ್ಚುವುದು ಬೆರಳೆಣಿಕೆ. ಕಚ್ಚಿದ್ದು ಬಲಿತು ಬೀಳಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಅಷ್ಟು ದಿನ ಕಣ್ಣೆದುರೇ ಇರುತ್ತದೆ. ನಿಂಬೆಹಣ್ಣಿನಷ್ಟಾದಾಗಲೇ ಕೊಕ್ಕೆ ಹಾಕಿ ಕಿತ್ತುಬಿಡಿ. ಹೂ ಮಾತ್ರ ಉಳಿಯುತ್ತದೆ, ಕಾಯಿಯ ಭಯವಿಲ್ಲ. ಮನೆಯ ಮರಕ್ಕೆ ಇದು ಏನೂ ಕಷ್ಟವಲ್ಲ.

ಗೊಂಚಲನ್ನು ಮಾತ್ರ ಕತ್ತರಿಸಬೇಡಿ. ಕಾಂಡದ ಮೇಲಿನ ಗೊಂಚಲುಗಳು ಮಾರುದ್ದ ಜೋತು, ಒಂದಕ್ಕೊಂದು ಹೆಣೆದುಕೊಂಡು, ಹೂವಿಲ್ಲದಾಗ ಒಣಬಳ್ಳಿ ಸುತ್ತಿದಂತೆ ಕಾಣುತ್ತವೆ. ಒಂದು ಕ್ಯಾಂಪಸ್ಸಿನಲ್ಲಿ ಗುತ್ತಿಗೆಯ ಹುಡುಗರು ಬಂದಳಿಕೆ ಹತ್ತಿದೆ ಅಂತ ಅಷ್ಟನ್ನೂ ಮಚ್ಚಿನಲ್ಲಿ ಸವರಿ, ಕಾಂಡಕ್ಕೆ ಸುಣ್ಣ-ಕೆಮ್ಮಣ್ಣು ಬಳಿದು ಹೋಗಿದ್ದರು. ಮೇಲಧಿಕಾರಿಗಳು ಬಂದು ಶುಚಿಯಾಗಿದೆ ಅಂತ ಮೆಚ್ಚಿದರು. ಆ ಮರ ಮತ್ತೆ ಹೂ ಕಂಡದ್ದು ಎಷ್ಟೋ ಕಾಲದ ಮೇಲೆ. ನಿಮ್ಮ ಮನೆಗೆ ಬರುವ ತೋಟದಾಳಿಗೆ ಮೊದಲೇ ಹೇಳಿಡಿ.

ಇನ್ನೊಂದು. ಊರೊಳಗೆ ಮರ ದೊಡ್ಡದಾದ ಮೇಲೆ ಬೇಡ ಅನ್ನಿಸಿದರೆ ಮನಸ್ಸಿಗೆ ಬಂದಂತೆ ಕಡಿಯುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಸೈಟಿನ ಮರಕ್ಕೂ ಅನ್ವಯಿಸುತ್ತದೆ, ವಿನಾಯಿತಿ ಪಟ್ಟಿಯಲ್ಲಿಲ್ಲದ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಹೆದರಿಸಲು ಹೇಳುತ್ತಿಲ್ಲ. ಜಾಗ ಆರಿಸುವುದೇ ನಿಜವಾದ ಕೆಲಸ, ಉಳಿದದ್ದು ನೀರು ಹಾಕುವುದು.

ಎರೆಹೊಲ (ಧಾರವಾಡ)

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಕಡೆ ಎರಿ ಮಣ್ಣು. ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡತೈತಿ, ಮಳಿಗಾಲದಾಗ ನೀರು ನಿಂತು ರಾಡಿ ಆಗತೈತಿ. ಈ ಗಿಡಕ್ಕ ಎರಡೂ ಸೇರಂಗಿಲ್ಲ. ನಾವು ಮೂರು ಅಡಿ ಅಗಲ, ಮೂರು ಅಡಿ ಆಳ ಗುಂಡಿ ತಗದು, ಗರಸು ಮಣ್ಣು, ತಿಪ್ಪಿಗೊಬ್ಬರ ಹಾಕಿ, ನೆಲಕ್ಕಿಂತ ಒಂದು ಗೇಣು ಎತ್ತರ ದಿಬ್ಬ ಮಾಡಿ ಹಚ್ಚೀವಿ. ನೀರು ಬುಡಕ್ಕ ನಿಲ್ಲಬಾರದು, ಒಣಗೂನೂ ಬಾರದು. ಸುತ್ತ ಕಬ್ಬಿನ ರವದಿ ದಪ್ಪಗ ಹಾಸಿದ್ರ ಬ್ಯಾಸಿಗಿ ದಾಟತೈತಿ.

ಒಂದು ಮಾತು ಕೇಳಬೇಕಾಗಿತ್ತು. ನಮ್ಮ ಗಿಡ ಈಗ ಆಳೆತ್ತರ ದಾಟೈತಿ. ಹ್ವಾದ ತಿಂಗಳ ಇದ್ದಕ್ಕಿದ್ದಂಗ ಎಲಿ ಎಲ್ಲಾ ಹಳದಿ ಆಗಿ ನಾಕೈದು ದಿನದಾಗ ಬೋಳಾತು. ಆಳು "ಸತ್ತೈತ್ರಿ, ಕಿತ್ತಿ ಒಗೀಲೇನು" ಅಂದ. ತಡಿಯಪಾ ಅಂದೆ. ವಾರದಾಗ ಮತ್ತ ಚಿಗುರು ಬಂತು. ಇದೇನು ರೋಗ ಐತೇನ್ರಿ?

ಮುರಕಲ್ಲು

ರೋಗ ಅಲ್ಲ. ಅದರ ಸ್ವಭಾವವೇ ಹಾಗೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೀಗೆ ಎಲೆ ಬಿಸಾಡಿ ವಾರ ಹತ್ತು ದಿನದಲ್ಲಿ ಪುನಃ ಹಸಿರಾಗ್ತದೆ. ಬೇರೆ ಮರಗಳ ಹಾಗೆ ಇಂಥ ತಿಂಗಳು ಅಂತ ಇಲ್ಲ. ಎಲೆ ಉದುರಿದಾಗ ಕೂಡ ಕಾಂಡದಲ್ಲಿ ಹೂ ಇರ್ತದೆ. ಮೇಲೆ ಬೋಳು, ಕೆಳಗೆ ಹೂವಿನ ರಾಶಿ, ಅದು ನೋಡುವ ಕಾಲ.

ಹಿತ್ತಲಗಿಡ ಅವರೇ, ಗುಡಿಸುವ ಕೆಲಸ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಲೆ, ದಳ, ಹೂ ದಿನಾ ಉಂಟು. ನಮ್ಮಲ್ಲಿ ಎಲ್ಲ ಅಡಿಕೆ ಬುಡಕ್ಕೆ ಹೋಗ್ತದೆ.

ಎರೆಹೊಲ

ಜೀವ ಬಂತ್ರಿ. ಆಳಿಗೆ ಹೇಳ್ತೀನಿ.

ಸಿಂಗಪುರದಿಂದ

ಈ ಎಳೆ ಓದಿ ಖುಷಿಯಾಯ್ತು. ನಾನು ದಾವಣಗೆರೆಯವನು, ಇಲ್ಲಿಗೆ ಬಂದು ಬಹಳ ವರ್ಷ ಆಯ್ತು. ಇಲ್ಲಿ ವರ್ಷವಿಡೀ ಮಳೆ, ಸೆಕೆ, ಚಳಿ ಅನ್ನೋದೇ ಇಲ್ಲ. ನಾಗಲಿಂಗಕ್ಕೆ ಅದು ತವರಿನ ಹವೆ ಇದ್ದ ಹಾಗೆ. ಎಲೆ ನಮ್ಮ ಕಡೆಗಿಂತ ದೊಡ್ಡದಾಗಿ, ಗಾಢ ಹಸಿರಾಗಿ ಕಾಣುತ್ತೆ.

ಶ್ರೀಲಂಕಾಕ್ಕೆ ಹೋಗಿದ್ದಾಗ ಒಂದು ಸ್ವಾರಸ್ಯ ನೋಡಿದೆ. ಅಲ್ಲಿ ಬೌದ್ಧ ವಿಹಾರಗಳ ಮುಂದೆ ನಾಗಲಿಂಗ ಇರುತ್ತೆ, ಅದನ್ನ ಸಾಲ ವೃಕ್ಷ ಅಂತಾರೆ. ಬುದ್ಧ ಹುಟ್ಟಿದ್ದು ಸಾಲ ವೃಕ್ಷದ ಕೆಳಗೆ ಅಂತ ಕಥೆ ಇದೆಯಲ್ಲ, ಅದಕ್ಕೆ ಪೂಜೆ. ನಿಜವಾದ ಸಾಲ ಉತ್ತರ ಭಾರತ, ನೇಪಾಳದ ಬೇರೆಯದೇ ಮರ. ನಮ್ಮವರು ಹೂವಿನೊಳಗೆ ಲಿಂಗ, ಹೆಡೆ ನೋಡಿದ್ರು, ಅವರು ಸ್ತೂಪ ನೋಡಿದ್ರು. ಕ್ಯಾಂಡಿ ಹತ್ತಿರದ ಪೆರದೇನಿಯ ಉದ್ಯಾನದಲ್ಲಿ ಆಮೇಲೆ ಐದನೇ ಜಾರ್ಜ್ ದೊರೆಯಾದವರು ರಾಣಿ ಮೇರಿ ಜೊತೆ 1901ರಲ್ಲಿ ನೆಟ್ಟ ನಾಗಲಿಂಗ ಇದೆ. ನಾನು ನೋಡಿದಾಗಲೂ ಕಾಯಿ ತುಂಬಿಕೊಂಡಿತ್ತು. ಹಿತ್ತಲಗಿಡ ಅವರ ಮಾವನವರಿಗೆ ಹೇಳಿ, ಇದು ಮೊಮ್ಮಕ್ಕಳ ಕಾಲಕ್ಕೂ ಇರೋ ಮರ.

ಕಾನುಮನೆ

ಎಲ್ಲರೂ ಹಾಕಿ ಹಾಕಿ ಅಂತಿರೋವಾಗ ಒಂದು ಅಪಸ್ವರ. ದೂರದ ಮರ ತಂದು ಹಾಕೋ ಬದಲು ನಮ್ಮದೇ ಕೌಲು ಮರ ಯಾಕೆ ಹಾಕಬಾರದು? ಕೌಲು, ಕವಲು ಅಂತ ಮಲೆನಾಡಲ್ಲಿ ಕರೀತಾರೆ, ಬೇಣಗಳಲ್ಲಿ ಬೇಕಾದಷ್ಟಿದೆ. ಅದು ನಾಗಲಿಂಗದ ದಾಯಾದಿ, ಒಂದೇ ಕುಟುಂಬ. ಬ್ರೆಜಿಲ್ ನಟ್ ಅಂತ ಅಂಗಡೀಲಿ ಸಿಗುತ್ತಲ್ಲ, ಆ ಮರವೂ ಅದೇ ಮನೆತನ. ಕೌಲಿನ ಹೂ ರಾತ್ರಿ ಅರಳುತ್ತೆ, ತುಂಬ ಕೇಸರ, ಬೆಳಿಗ್ಗೆ ನೆಲದ ಮೇಲೆ ಬಿದ್ದಿರುತ್ತೆ. ಬೆಂಕಿ ಬಿದ್ದ ಬೇಣದಲ್ಲೂ ಮತ್ತೆ ಚಿಗುರೋ ಗಟ್ಟಿ ಮರ. ಯಾವ ನರ್ಸರೀಲೂ ಕೇಳಿದ್ರೆ ಸಿಗಲ್ಲ, ಯಾಕಂದ್ರೆ ಯಾರೂ ಕೇಳಲ್ಲ.

ಹೊರಗಿನ ಅಲಂಕಾರದ ಗಿಡ ತಂದು ನಾವು ಅನುಭವಿಸಿದ್ದು ಸಾಲದಾ? ಲಂಟಾನ ಬಂದಿದ್ದೂ ತೋಟದ ಚೆಂದಕ್ಕೆ. ಬಂಡೀಪುರ, ನಾಗರಹೊಳೆಗೆ ಹೋಗಿ ನೋಡಿ, ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಕಾಡು ಹೊಕ್ಕು ಏನು ಮಾಡಿದೆ ಅಂತ. ಅದೂ ನೆರಳಿಗೆ, ಅಂದಕ್ಕೆ ಅಂತಲೇ ನೆಟ್ಟ ಮರ.

ಹಳೇಮಾಲಿ

ಕಾನುಮನೆಯವರ ಕಾಳಜಿ ಸರಿ, ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಸೆನ್ನಾ ಬೀಜ ಕೋಡಿನಿಂದ ಉದುರಿ ತಾನೇ ಹುಟ್ಟುತ್ತದೆ, ಕಡಿದರೆ ಬುಡದಿಂದ ನಾಲ್ಕಾಗಿ ಚಿಗುರುತ್ತದೆ. ಲಂಟಾನದ ಹಣ್ಣನ್ನು ಹಕ್ಕಿಗಳು ಊರೆಲ್ಲ ಹಂಚುತ್ತವೆ. ನಾಗಲಿಂಗದ ಕಾಯನ್ನು ಒಡೆದು ತಿಂದು ಬೀಜ ಸಾಗಿಸುವುದು ಅದರ ತವರಿನಲ್ಲಿ ಪೆಕ್ಕರಿ ಅನ್ನುವ ಹಂದಿಯಂಥ ಪ್ರಾಣಿ. ನಮ್ಮ ಊರುಗಳಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲ, ಗುಡಿಸುವವರು ಕಸದ ಗಾಡಿಗೆ ಹಾಕುತ್ತಾರೆ. ಇಷ್ಟು ಕಾಲದಿಂದ ಬೆಂಗಳೂರಿನಲ್ಲಿದೆ. ನೆಟ್ಟಲ್ಲಿ ನಿಂತಿದೆ, ನೆಡದಲ್ಲಿ ಹುಟ್ಟಿದ್ದನ್ನು ನಾನು ಕಂಡಿಲ್ಲ.

ಬೆಂಗಳೂರಿನ ಹೂಮರಗಳಲ್ಲಿ ಬಹುಪಾಲು ಹೊರಗಿನಿಂದ ಬಂದವೇ. 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಶುರುವಾಗುವಂತೆ ಬೀದಿಮರಗಳನ್ನು ಯೋಚಿಸಿದವರು. ಗುಲ್‌ಮೊಹರ್, ಜಕರಾಂಡ, ಟಬೆಬೂಯಾ, ಎಲ್ಲವನ್ನೂ ನಾವು ತಲೆಯೆತ್ತಿ ನೋಡಬೇಕು. ನಾಗಲಿಂಗದ ಹೂವನ್ನು ಕಣ್ಣೆದುರು, ಕೈಗೆ ಸಿಗುವ ಎತ್ತರದಲ್ಲಿ ನೋಡಬಹುದು. ಮಕ್ಕಳು, ಮುದುಕರು ಇರುವ ಮನೆಗೆ ಇದೊಂದು ದೊಡ್ಡ ಸಂಗತಿ ಅಂತ ನನ್ನ ಅಭಿಪ್ರಾಯ.

ಹಾಗಂತ ಕೌಲು ಬೇಡ ಅನ್ನುವುದಿಲ್ಲ. ನಿಮ್ಮ ಹತ್ತಿರ ಬೀಜವಿದ್ದರೆ ನನಗೆ ಕಳಿಸಿ.

ಕಾನುಮನೆ

ಹುಟ್ಟಿಲ್ಲ ಅನ್ನೋ ಮಾತು ಒಪ್ಪಿದೆ. ನಮ್ಮಲ್ಲಿ ಕೌಲಿನ ಹಣ್ಣು ಬಲಿಯೋದು ಮಳೆಗಾಲದ ಹೊತ್ತಿಗೆ. ಕಳಿಸ್ತೀನಿ ಸರ್. ಆದ್ರೂ ಸಣ್ಣ ಸೈಟಿನವರು ಈ ಎಳೆ ಓದಿ ನಾಗಲಿಂಗದ ಹಿಂದೆ ಬೀಳೋದು ಬೇಡ ಅಂತ ನನ್ನ ಹಟ. 30–40 ಸೈಟಿಗೆ ಸೀತಾ ಅಶೋಕ ಹಾಕಿ. ಅದೂ ಹಳೇ ರೆಂಬೆ, ಕಾಂಡದ ಮೇಲೇ ಹೂಗೊಂಚಲು ಬಿಡುತ್ತೆ, ಕಿತ್ತಳೆಯಿಂದ ಕೆಂಪಿಗೆ ತಿರುಗುತ್ತೆ, ತಲೆ ಮೇಲೆ ಏನೂ ಬೀಳಲ್ಲ. ತೊಗಟೆಗಾಗಿ ಸುಲಿದೂ ಸುಲಿದೂ ಕಾಡಲ್ಲಿ ಕಡಿಮೆಯಾಗಿರೋ ಮರ, ನೆಟ್ಟರೆ ಪುಣ್ಯ. ಅಶೋಕ ಅಂತ ಕೇಳಿದ್ರೆ ಕಾಂಪೌಂಡ್ ಉದ್ದಕ್ಕೂ ನಿಲ್ಲಿಸೋ ಆ ನೀಟ ಕಂಬದ ಮರ ಕೊಡ್ತಾರೆ, ಎಚ್ಚರ.

ಬಾಲ್ಕನಿಕೃಷಿ

ಸೀತಾ ಅಶೋಕ ಡ್ರಮ್ಮಲ್ಲಿ...?

ಕಾನುಮನೆ

ನೀವು ಮೊದಲು ಆ ಡ್ರಮ್ ಮಾರಿ ಮಾರಾಯ್ರೆ.

ಆರೋಗ್ಯವಾಣಿ

ನಾಗಲಿಂಗದ ಕಾಯಿ ತಿರುಳು ಚರ್ಮರೋಗಕ್ಕೆ, ಎಲೆ ರಸ ಹಲ್ಲುನೋವಿಗೆ, ಹೂವಿನ ಕಷಾಯ ಸಕಲ ರೋಗಕ್ಕೂ ಮದ್ದು ಅಂತ ವಾಟ್ಸಾಪಿನಲ್ಲಿ ಬಂದಿತ್ತು. ತಿರುಳು ಗಾಳಿಗೆ ನೀಲಿಯಾಗೋದೇ ಅದರ ಔಷಧ ಗುಣಕ್ಕೆ ಸಾಕ್ಷಿಯಂತೆ. ಯಾರಾದ್ರೂ ಬಳಸಿದ್ದೀರಾ?

ಕಾನುಮನೆ

ಬೆಳ್ಳಗಿರೋ ತಿರುಳು ಗಾಳಿ ತಾಗಿದ್ರೆ ನೀಲಿ-ಹಸಿರಾಗೋದು ನಿಜ. ಕಾಯಲ್ಲಿ ಇಂಡಿಗೋ ಇರೋದನ್ನ ರಸಾಯನಶಾಸ್ತ್ರದವರು ತೋರಿಸಿದ್ದಾರೆ, ಬಟ್ಟೆಗೆ ಹಾಕೋ ನೀಲಿ ಬಣ್ಣದ ವಸ್ತುವೇ ಅದು. ನೀಲಿ ಆಗೋದು ಔಷಧಿ ಅನ್ನೋಕೆ ಸಾಕ್ಷಿಯಾದ್ರೆ ನಮ್ಮ ಜೀನ್ಸ್ ಪ್ಯಾಂಟೂ ಔಷಧಿ. ಪ್ರಯೋಗಾಲಯದಲ್ಲಿ ಪರೀಕ್ಷೆ ನಡೀತಿದೆ ಅಂದ ಮಾತ್ರಕ್ಕೆ ಮನೇಲಿ ಕಷಾಯ ಮಾಡಿ ಕುಡಿಯಬೇಡಿ. ಕೊಳೆತ ತಿರುಳನ್ನ ಹುಣ್ಣಿಗೆ ಹಚ್ಚೋದಂತೂ ಬೇಡವೇ ಬೇಡ.

ಹಿತ್ತಲಗಿಡ

ಒಂದು ತೀರ್ಮಾನಕ್ಕೆ ಬಂದ್ವಿ. ನಿನ್ನೆ ಯಜಮಾನ್ರು ಟೇಪ್ ಹಿಡಿದು ಅಳೆದ್ರು. ನಟ್ಟನಡುವೆ ಸರಿಯಾಗಿ 21 ಅಡಿ ಬರುತ್ತೆ, ಮನೆ ಕಡೆಗೂ ಹಿಂದಿನ ಗೋಡೆಗೂ. ಮಾವ ಟೆರೇಸಿನಲ್ಲಿ ಬಟ್ಟೆ ತಂತಿ ಕಟ್ಟಿಕೊಡ್ತೀನಿ ಅಂದ್ರು. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತೋರು ಯಾರು ಅನ್ನೋ ಪ್ರಶ್ನೆ ಬಂತು. ಕೊನೆಗೆ ತಂತಿ ಪಕ್ಕದ ಗೋಡೆಗೆ ಸರಿಯಿತು, ಬಟ್ಟೆ ಹರವೋದು ನಾನು ಅಂತ ಆಯ್ತು. ಸೀಬೆ, ನುಗ್ಗೆ ಮೂಲೇಲಿರೋದ್ರಿಂದ ತೊಂದರೆ ಇಲ್ಲ. ಕಾಯಿ ಎಳೆಯದರಲ್ಲೇ ಕೀಳೋ ಷರತ್ತಿನ ಮೇಲೆ ಅತ್ತೆ ಒಪ್ಪಿದ್ದಾರೆ, "ಮೊದಲ ಹೂ ನಂಜುಂಡೇಶ್ವರನಿಗೆ" ಅಂತಾನೂ ಹೇಳಿದ್ದಾರೆ.

ನಮ್ಮದು ಕೆಂಪು ಮಣ್ಣು, ಒಂದಡಿ ಕೆಳಗೆ ಗಟ್ಟಿ. ಈಗಲೇ ನೆಡಲಾ, ಮಳೆಗೆ ಕಾಯಲಾ? ನೀರು ಎಷ್ಟು?

ಹಳೇಮಾಲಿ

ಕಾಯಿರಿ. ಜೂನ್‌ನಲ್ಲಿ ಎರಡು ಹದ ಮಳೆ ಬಿದ್ದು ನೆಲ ನೆನೆದ ಮೇಲೆ ನೆಡಿ. ಗುಂಡಿ ಮಾತ್ರ ಈಗಲೇ ತೆಗೆಸಿ, ಮೂರಡಿ ಆಳ, ಮೂರಡಿ ಅಗಲ. ಗಟ್ಟಿ ಪದರವನ್ನು ಹಾರೆಯಿಂದ ಒಡೆಸಿಬಿಡಿ, ಇಲ್ಲದಿದ್ದರೆ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಬಿಸಿಲಿಗೆ ಬಿಟ್ಟ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ಮುಚ್ಚಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಕರೆದಂತೆ.

ಮೈಸೂರಿನ ಮಳೆ ವರ್ಷಕ್ಕೆ 800 ಮಿ.ಮೀ. ಆಸುಪಾಸು. ಪುತ್ತೂರಿನವರಿಗೆ ಅದರ ನಾಲ್ಕು ಪಟ್ಟಿಗೂ ಹೆಚ್ಚು ಬೀಳುತ್ತದೆ, ಹಾಗಾಗಿ ಅವರ ಅನುಭವವನ್ನು ನೀರಿನ ವಿಷಯದಲ್ಲಿ ನಂಬಬೇಡಿ. ಮೊದಲ ಮೂರು ಬೇಸಿಗೆ ವಾರಕ್ಕೆರಡು ಸಲ, ಬುಡದಿಂದ ಒಂದು ಮಾರು ದೂರದವರೆಗೆ ನೆನೆಯುವಂತೆ ಕೊಡಿ. ದಿನಾ ಒಂದು ಚೊಂಬು ಹಾಕುವುದು ಬೇಡ, ಬೇರು ಮೇಲೆಯೇ ಉಳಿಯುತ್ತದೆ. ಮೊದಲ ವರ್ಷ ಮಧ್ಯಾಹ್ನದ ಬಿಸಿಲಿಗೆ ಪಡುವಣ ಕಡೆ ಒಂದು ತೆಂಗಿನ ಗರಿ ಮರೆ ಕಟ್ಟಿ, ಆಮೇಲೆ ಪೂರಾ ಬಿಸಿಲು ಬೇಕು. ಡಿಸೆಂಬರ್ ಚಳಿಗೆ ಎಲೆ ಸ್ವಲ್ಪ ಬಾಡಿದಂತೆ ಕಂಡರೆ ಗಾಬರಿ ಬೇಡ, ಮೈಸೂರಿನ ಚಳಿ ತಡೆಯುತ್ತದೆ. ಹಿಮ ಬೀಳುವ ಊರಿನಲ್ಲಿ ಮಾತ್ರ ಆಗದು.

ತುದಿ ಚಿವುಟಬೇಡಿ. ಪೊದೆಯಾಗಿಸುವ ಗಿಡವಲ್ಲ ಇದು. ಒಂದೇ ನೇರ ಕಾಂಡ ಬೇಕು, ಹೂ ಬರುವುದು ಅಲ್ಲಿಂದಲೇ. ಕೆಳಗಿನ ರೆಂಬೆ ತೆಗೆಯುವುದಿದ್ದರೆ ವರ್ಷಕ್ಕೊಂದು ಎರಡು.

ಎರೆಹೊಲ

ಆಡು ಅದಾವೇನ್ರಿ ನಿಮ್ಮ ಓಣ್ಯಾಗ? ಇದ್ರ ಸುತ್ತ ಮುಳ್ಳು ಹಚ್ರಿ. ಎರಡನೇ ವರ್ಷ ನಮ್ಮದರ ತುದಿ ಅವೇ ಚಿವುಟಿದ್ವು.

ಬಾಲ್ಕನಿಕೃಷಿ

ಡ್ರಮ್ ಮಾರಲ್ಲ, ಅದರಲ್ಲಿ ಕರಿಬೇವು ಹಾಕ್ತೀನಿ. ನಮ್ಮ ಅಪಾರ್ಟ್‌ಮೆಂಟ್ ಹಿಂದೆ ದೊಡ್ಡ ಖಾಲಿ ಜಾಗ ಇದೆ, ಅಸೋಸಿಯೇಷನ್‌ನವರು ಮರ ಹಾಕೋಕೆ ಒಪ್ಪಿದ್ದಾರೆ. ಮುರಕಲ್ಲು ಅವರೇ, ಒಂದು ಕಾಯಿ ಕಳಿಸೋಕೆ ಆಗುತ್ತಾ? ಬೀಜದಿಂದ ಸಸಿ ಮಾಡೋದು ಹೇಗೆ?

ಮುರಕಲ್ಲು

ಕಾಯಿ ಕಳಿಸಿದರೆ ಕೊರಿಯರಿನವರು ನನ್ನನ್ನು ಅಂಗಡಿಗೆ ಸೇರಿಸುವುದಿಲ್ಲ. ತಾನಾಗಿ ಬಿದ್ದ ಕಾಯಿ ಒಡೆದು, ಬಕೆಟ್ ನೀರಿನಲ್ಲಿ ತಿರುಳು ಕಿವುಚಿ, ಬೀಜ ತೊಳೆದು ಒದ್ದೆ ತೆಂಗಿನ ನಾರಿನಲ್ಲಿ ಸುತ್ತಿ ಕಳಿಸ್ತೇನೆ. ಒಂದು ಕಾಯಲ್ಲಿ ಇನ್ನೂರು ಮುನ್ನೂರು ಬೀಜ ಇರ್ತದೆ, ಮೈಮೇಲೆ ಸಣ್ಣ ರೋಮ. ಒಣಗಿಸಿ ಡಬ್ಬಿಯಲ್ಲಿ ಇಡುವ ಬೀಜ ಅಲ್ಲ ಇದು, ಬಂದ ದಿನವೇ ಬಿತ್ತಿ. ಮರಳು, ಕೊಕೊಪೀಟ್ ಸಮ ಸಮ, ಬೆರಳಿನ ಅರ್ಧ ಗೆಣ್ಣು ಆಳ, ನೆರಳು, ತೇವ ಆರಬಾರದು. ಎರಡು ಮೂರು ವಾರದಲ್ಲಿ ಮೊಳಕೆ. ನಾಲ್ಕು ಎಲೆ ಬಂದ ಮೇಲೆ ಕವರಿಗೆ ದಾಟಿಸಿ.

ಇನ್ನೂರು ಸಸಿ ಹುಟ್ಟಿದರೆ ಏನು ಮಾಡ್ತೀರಿ ಅಂತ ಈಗಲೇ ಯೋಚಿಸಿ ಇಟ್ಟುಕೊಳ್ಳಿ. ವಿಳಾಸ ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶದಲ್ಲಿ ಕಳಿಸಿ. ಸದ್ಯ ಮರದಲ್ಲಿ ಮೂರು ಕಾಯಿ ಕಂದು ಬಣ್ಣಕ್ಕೆ ತಿರುಗಿ ನೇತಾಡ್ತಾ ಉಂಟು. ಬಿದ್ದ ಕೂಡಲೇ ಹೇಳ್ತೇನೆ.